ಫಾರ್ಮಸಿ ಓದಲು ಹೊರದೇಶಕ್ಕೆ: ಯಾವ ಕಾಲೇಜುಗಳಿಗೆ ಅರ್ಜಿ ಹಾಕಬೇಕು?

ಸಪ್ತಾಪುರದ ವಿದ್ಯಾರ್ಥಿನಿ, ಧಾರವಾಡ

ಎಲ್ಲ ಹಿರಿಯರಿಗೂ ನಮಸ್ಕಾರ. ನಾನು ಬಿ.ಫಾರ್ಮ್ ಏಳನೆಯ ಸೆಮಿಸ್ಟರಿನಲ್ಲಿ ಓದುತ್ತಿದ್ದೇನೆ. ನಮ್ಮೂರು ಹಾವೇರಿ ಜಿಲ್ಲೆಯಲ್ಲಿದೆ. ಓದಿಗಾಗಿ ಸಪ್ತಾಪುರದಲ್ಲಿ ರೂಮು ಮಾಡಿಕೊಂಡಿದ್ದೇನೆ. ನಮ್ಮ ತಂದೆಯವರು ಊರಿನಲ್ಲಿ ಮೆಡಿಕಲ್ ಶಾಪ್ ನಡೆಸುತ್ತಾರೆ. ಚೀಟಿ ಓದಲು ಬಾರದ ಅಜ್ಜಂದಿರಿಗೆ ಯಾವ ಗುಳಿಗೆಯನ್ನು ಊಟಕ್ಕೆ ಮೊದಲು, ಯಾವುದನ್ನು ಊಟವಾದ ಮೇಲೆ ತೆಗೆದುಕೊಳ್ಳಬೇಕೆಂದು ಅವರು ಪಟ್ಟಿಯ ಬೆನ್ನಿಗೆ ಪೆನ್ನಿನಿಂದ ಗೆರೆ ಎಳೆದು ಹೇಳಿಕೊಡುವುದನ್ನು ನೋಡುತ್ತಲೇ ನಾನು ಬೆಳೆದವಳು. ನನಗೂ ಅದೇ ಕೆಲಸ ಬೇಕು. ಆದರೆ ಆಸ್ಪತ್ರೆಯಲ್ಲಿ, ವೈದ್ಯರ ಜೊತೆಗೆ ಕುಳಿತು ಔಷಧದ ಬಗ್ಗೆ ಮಾತಾಡುವ ಮಟ್ಟದಲ್ಲಿ ಬೇಕು.

ಹುಬ್ಬಳ್ಳಿಯ ಒಂದು ಕನ್ಸಲ್ಟೆನ್ಸಿಯವರು 12 ಕಾಲೇಜುಗಳ ಪಟ್ಟಿ ಮಾಡಿಕೊಟ್ಟಿದ್ದಾರೆ. ಅದರಲ್ಲಿ ಅಮೆರಿಕದವು 7, ಇಂಗ್ಲೆಂಡಿನವು 3, ಜರ್ಮನಿಯವು 2 ಇವೆ. ಅಮೆರಿಕದವುಗಳಲ್ಲಿ ಕೆಲವು ಕಡೆ ಫಾರ್ಮ್.ಡಿ (ಡಾಕ್ಟರ್ ಆಫ್ ಫಾರ್ಮಸಿ) ಎಂದಿದೆ, ಕೆಲವು ಕಡೆ ಎಂ.ಎಸ್. ಎಂದಿದೆ; ಇಂಗ್ಲೆಂಡ್, ಜರ್ಮನಿಯವೆಲ್ಲ ಎಂ.ಎಸ್‌ಸಿ. ರ್‍ಯಾಂಕಿಂಗ್ ನೋಡಿ ಆರಿಸಿದ್ದೇವೆ ಎಂದು ಅವರು ಹೇಳುತ್ತಾರೆ. ಹನ್ನೆರಡಕ್ಕೂ ಅರ್ಜಿ ಹಾಕುವಷ್ಟು ಹಣ ನಮ್ಮಲ್ಲಿಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿಕೊಡಬೇಕು.

ಗದಗಿನವರು, ಈಗ ಟೆಕ್ಸಾಸ್

ತಂಗಿ, ನಾನು ನಮ್ಮ ಕಡೆಯೇ ಬಿ.ಫಾರ್ಮ್ ಮುಗಿಸಿ, ಅಮೆರಿಕಕ್ಕೆ ಬಂದು ಮತ್ತೆ ನಾಲ್ಕು ವರ್ಷ ಫಾರ್ಮ್.ಡಿ ಓದಿ, ಈಗ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ. ನಿಮ್ಮ ಪಟ್ಟಿಯ ದೊಡ್ಡ ಕೊರತೆಯೆಂದರೆ ಅದರಲ್ಲಿ ರ್‍ಯಾಂಕಿಂಗ್ ಇದೆ, ಪರವಾನಗಿಯ ಮಾತೇ ಇಲ್ಲ. ರೋಗಿಯ ಕೈಗೆ ಔಷಧ ಕೊಡುವ ಹಕ್ಕು ವಿಶ್ವವಿದ್ಯಾಲಯದಿಂದ ಬರುವುದಿಲ್ಲ, ಆಯಾ ರಾಜ್ಯದ ಫಾರ್ಮಸಿ ಬೋರ್ಡಿನಿಂದ ಬರುತ್ತದೆ. ಆದ್ದರಿಂದ ಮೊದಲು ಬೋರ್ಡು ಏನು ಕೇಳುತ್ತದೆ ಎಂಬುದನ್ನು ತಿಳಿದು, ಆಮೇಲೆ ಅದನ್ನು ಕೊಡಬಲ್ಲ ಕಾಲೇಜನ್ನು ಹುಡುಕಬೇಕು. ನಾವೆಲ್ಲರೂ ಇದನ್ನು ತಿರುವುಮುರುವಾಗಿ ಮಾಡುತ್ತೇವೆ.

ಅಮೆರಿಕದಲ್ಲಿ ಇಂದು ಫಾರ್ಮಸಿಸ್ಟ್ ಆಗಲು ಬೇಕಾದ ಪದವಿ ಫಾರ್ಮ್.ಡಿ ಒಂದೇ. ಎಂ.ಎಸ್. ಇನ್ ಫಾರ್ಮಾಸ್ಯೂಟಿಕ್ಸ್ ಓದಿದವರು ಔಷಧ ತಯಾರಿಕೆಯ ಕಂಪನಿಗಳಿಗೆ, ಸಂಶೋಧನೆಗೆ ಹೋಗುತ್ತಾರೆ. ಅದು ಗೌರವದ ದಾರಿಯೇ, ಆದರೆ ಅದರಿಂದ ಕೌಂಟರಿನ ಹಿಂದೆಯಾಗಲಿ ವಾರ್ಡಿನಲ್ಲಾಗಲಿ ಫಾರ್ಮಸಿಸ್ಟ್ ಎಂದು ನಿಲ್ಲಲು ಬರುವುದಿಲ್ಲ. ಭಾರತದ ಪದವಿಯ ಮೇಲೆಯೇ ಪರವಾನಗಿ ಪಡೆಯುವ ಇನ್ನೊಂದು ದಾರಿ ಇದೆ. ರಾಜ್ಯಗಳ ಫಾರ್ಮಸಿ ಬೋರ್ಡುಗಳ ಒಕ್ಕೂಟವಾದ ಎನ್‌ಎಬಿಪಿ ಎಂಬ ಸಂಸ್ಥೆ ನಡೆಸುವ ಎಫ್‌ಪಿಜಿಇಇ ಪರೀಕ್ಷೆ ಅದು. ಆದರೆ 2003ರ ಜನವರಿ 1ರಿಂದ ಈಚೆಗೆ ಪದವಿ ಪಡೆದವರಿಗೆ ಕನಿಷ್ಠ ಐದು ವರ್ಷಗಳ ಫಾರ್ಮಸಿ ವ್ಯಾಸಂಗ ಆಗಿರಬೇಕೆಂಬ ನಿಯಮವಿರುವುದರಿಂದ ನಮ್ಮ ನಾಲ್ಕು ವರ್ಷದ ಬಿ.ಫಾರ್ಮ್‌ಗೆ ಆ ಬಾಗಿಲು ಮುಚ್ಚಿದೆ. ಎಂದರೆ ನಿಮಗೆ ಉಳಿಯುವುದು ಅಮೆರಿಕದಲ್ಲಿಯೇ ಫಾರ್ಮ್.ಡಿ ಓದುವುದು.

ಹಾಗಾದರೆ ಮೊದಲ ಜರಡಿ ಎಸಿಪಿಇ ಮಾನ್ಯತೆ. ಫಾರ್ಮ್.ಡಿ ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಅದು. ಅಮೆರಿಕದಲ್ಲಿ ಮಾನ್ಯತೆಯ ಪಟ್ಟಿಯಲ್ಲಿರುವ ಕಾಲೇಜುಗಳು ಸುಮಾರು 140 ಇವೆ. ಹೊಸ ಕಾಲೇಜುಗಳಿಗೆ ಮೊದಲು ಪ್ರೀಕ್ಯಾಂಡಿಡೇಟ್, ಆಮೇಲೆ ಕ್ಯಾಂಡಿಡೇಟ್, ಕೊನೆಗೆ ಪೂರ್ಣ ಮಾನ್ಯತೆ ಎಂಬ ಹಂತಗಳಿವೆ. ವೀಸಾದ ಮೇಲೆ ಬರುವವರು ಅರೆ ಹಂತದಲ್ಲಿರುವ ಕಾಲೇಜಿನ ಗಂಡಾಂತರವನ್ನು ಮೈಮೇಲೆ ಎಳೆದುಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಎರಡನೆಯ ಜರಡಿ, ಆ ಕಾಲೇಜು ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತದೆಯೇ ಎಂಬುದು. ಎಲ್ಲವೂ ತೆಗೆದುಕೊಳ್ಳುವುದಿಲ್ಲ. ಹೆಚ್ಚಿನ ಕಾಲೇಜುಗಳಿಗೆ ಫಾರ್ಮ್‌ಕ್ಯಾಸ್ ಎಂಬ ಒಂದೇ ವ್ಯವಸ್ಥೆಯ ಮೂಲಕ ಅರ್ಜಿ ಹೋಗುತ್ತದೆ, ಮತ್ತು ಅದರ ಕಾಲೇಜುಗಳ ಸೂಚಿಯಲ್ಲಿ ಪ್ರತಿಯೊಂದು ಕಾಲೇಜಿನ ಎದುರಿಗೂ ಈ ವಿವರವನ್ನು ಬರೆದಿರುತ್ತಾರೆ. ಈ ಎರಡನ್ನು ನೋಡಲು ಒಂದು ಸಂಜೆ ಸಾಕು, ಕನ್ಸಲ್ಟೆನ್ಸಿಯ ಶುಲ್ಕ ಬೇಕಿಲ್ಲ. ಫಾರ್ಮಸಿ ಕಾಲೇಜು ಪ್ರವೇಶದ ಪಿಕ್ಯಾಟ್ ಪರೀಕ್ಷೆಯ ತರಬೇತಿ ಕೊಡುತ್ತೇವೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಆ ಪರೀಕ್ಷೆ 2024ರ ಆರಂಭಕ್ಕೇ ನಿಂತುಹೋಗಿದೆ.

ಫಾರ್ಮಸಿ ಉಪನ್ಯಾಸಕ, ಧಾರವಾಡ

ಮೇಲಿನವರು ಹೇಳಿದ ಎರಡು ಜರಡಿಗಳನ್ನು ದಾಟಿದ ಮೇಲೆ ನಮ್ಮ ಮಕ್ಕಳು ಎಡವುವುದು ಪೂರ್ವವಿಷಯಗಳಲ್ಲಿ. ಅಮೆರಿಕದ ಕಾಲೇಜುಗಳು ಫಾರ್ಮ್.ಡಿ ಸೇರುವ ಮುನ್ನ ಜೀವಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರಗಳ ಜೊತೆಗೆ ಕ್ಯಾಲ್ಕುಲಸ್, ಸಂಖ್ಯಾಶಾಸ್ತ್ರ, ಇಂಗ್ಲಿಷ್ ಬರವಣಿಗೆ, ಭಾಷಣಕಲೆ, ಕೆಲವೊಮ್ಮೆ ಅರ್ಥಶಾಸ್ತ್ರವನ್ನೂ ಓದಿರಬೇಕೆಂದು ಕೇಳುತ್ತವೆ. ಪ್ರತಿ ಕಾಲೇಜಿನ ಪಟ್ಟಿಯೂ ಬೇರೆ. ನಮ್ಮ ಬಿ.ಫಾರ್ಮ್ ಪಠ್ಯಕ್ರಮದಲ್ಲಿ ವಿಜ್ಞಾನದ ವಿಷಯಗಳಿಗೆ ಕೊರತೆಯಿಲ್ಲ; ಎಂಟನೆಯ ಸೆಮಿಸ್ಟರಿನಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್ ಇದೆ, ಮೊದಲನೆಯದರಲ್ಲಿ ಕಮ್ಯುನಿಕೇಶನ್ ಸ್ಕಿಲ್ಸ್ ಇದೆ. ಆದರೆ ಪಿಯುಸಿಯಲ್ಲಿ ಗಣಿತದ ಬದಲು ಜೀವಶಾಸ್ತ್ರ ತೆಗೆದುಕೊಂಡು ಬಂದವರು ಮೊದಲ ಸೆಮಿಸ್ಟರಿನಲ್ಲಿ ಓದುವ ರೆಮಿಡಿಯಲ್ ಮ್ಯಾಥಮ್ಯಾಟಿಕ್ಸ್ ಅನ್ನು ಕ್ಯಾಲ್ಕುಲಸ್ ಎಂದು ಒಪ್ಪುತ್ತಾರೆಯೇ, ಕಮ್ಯುನಿಕೇಶನ್ ಸ್ಕಿಲ್ಸ್ ಅನ್ನು ಭಾಷಣಕಲೆ ಎಂದು ಒಪ್ಪುತ್ತಾರೆಯೇ ಎಂಬುದನ್ನು ಆಯಾ ಕಾಲೇಜಿನ ಪ್ರವೇಶ ವಿಭಾಗವೇ ಹೇಳಬೇಕು. ಕೆಲವರು ಕೆಲವು ವಿಷಯಗಳನ್ನು ಅಮೆರಿಕದ ಕಾಲೇಜಿನಲ್ಲಿಯೇ ಓದಿರಬೇಕು ಎನ್ನುತ್ತಾರೆ. ಹಾಗೆಂದಲ್ಲಿ ನಿಮಗೆ ಇನ್ನೂ ಒಂದು ವರ್ಷ, ಇನ್ನೂ ಒಂದು ವರ್ಷದ ಖರ್ಚು ಬೀಳುತ್ತದೆ.

ಆದ್ದರಿಂದ ಅರ್ಜಿಗೆ ಮೊದಲು ಮಿಂಚಂಚೆ ಬರೆಯಿರಿ. ಪತ್ರದಲ್ಲಿ ನಿಮ್ಮ ಬಡತನವನ್ನಾಗಲಿ ಕನಸನ್ನಾಗಲಿ ಬರೆಯುವ ಅಗತ್ಯವಿಲ್ಲ. ನಿಮ್ಮ ವಿಷಯಗಳ ಪಟ್ಟಿ, ಪ್ರತಿ ವಿಷಯದ ತರಗತಿಯ ಗಂಟೆಗಳು, ಪಠ್ಯಕ್ರಮದ ಆ ಪುಟಗಳು, ಇಷ್ಟನ್ನು ಲಗತ್ತಿಸಿ, ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ಒಪ್ಪುವುದಿಲ್ಲ ಎಂದು ನೇರವಾಗಿ ಕೇಳಿರಿ. ಅವರು ಬರೆದು ಕೊಟ್ಟ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ. ಫೋನಿನಲ್ಲಿ ಯಾರೋ ಆಗಲಿ ಎಂದದ್ದಕ್ಕೆ ಬೆಲೆಯಿಲ್ಲ.

ಇನ್ನೊಂದು ಮಾತು ಶಿಫಾರಸು ಪತ್ರದ್ದು. ಅನೇಕರು ಅದನ್ನು ತಾವೇ ಬರೆದುಕೊಂಡು ಬಂದು ನಮ್ಮ ಮುಂದೆ ಸಹಿಗೆ ಹಿಡಿಯುತ್ತಾರೆ. ಎಲ್ಲವೂ ಒಂದೇ ಅಚ್ಚಿನವು. ಈ ಸೆಮಿಸ್ಟರಿನ ಪ್ರಾಕ್ಟೀಸ್ ಸ್ಕೂಲ್ ತರಬೇತಿಯಲ್ಲಿ ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡಿದ ಗುರುಗಳನ್ನು ಈಗಲೇ ಕೇಳಿಕೊಳ್ಳಿರಿ, ಅವರಿಗೆ ಒಂದು ತಿಂಗಳ ಸಮಯ ಕೊಡಿರಿ.

ವಿದ್ಯಾನಗರ ಹುಬ್ಬಳ್ಳಿಯವಳು, ಈಗ ಇಂಗ್ಲೆಂಡ್

ನಿಮ್ಮ ಪಟ್ಟಿಯಲ್ಲಿ ಇಂಗ್ಲೆಂಡಿನ ಮೂರೂ ಕೋರ್ಸುಗಳು ಎಂ.ಎಸ್‌ಸಿ. ಎಂದು ನೋಡಿ ಈ ರಾತ್ರಿ ನಿದ್ದೆ ಬಿಟ್ಟು ಬರೆಯುತ್ತಿದ್ದೇನೆ. ನಾನು ಬಂದದ್ದೂ ಅಂಥದೇ ಕೋರ್ಸಿಗೆ. ಹೆಸರಿನಲ್ಲಿ ಕ್ಲಿನಿಕಲ್ ಎಂಬ ಮಾತಿತ್ತು, ಆಸ್ಪತ್ರೆಗೆ ಹೋಗಿ ಕಲಿಯುವ ಪಾಠವೂ ಇತ್ತು. ಓದು ಮುಗಿದರೆ ಫಾರ್ಮಸಿಸ್ಟ್ ಆದೆನೆಂದೇ ನಂಬಿದ್ದೆ. ನಾಲ್ಕನೆಯ ತಿಂಗಳು ಒಂದು ಔಷಧ ಅಂಗಡಿಗೆ ಕೆಲಸ ಕೇಳಲು ಹೋದಾಗ ಅಲ್ಲಿಯ ಹೆಣ್ಣುಮಗಳು ನನ್ನ ಅರ್ಜಿಯ ಮೇಲೆ ಬೆರಳಿಟ್ಟು, ಜಿಪಿಎಚ್‌ಸಿ ನೋಂದಣಿ ಸಂಖ್ಯೆಯ ಚೌಕ ಖಾಲಿ ಇದೆಯಲ್ಲ ಎಂದು ಸೌಮ್ಯವಾಗಿ ಕೇಳಿದಳು. ಜಿಪಿಎಚ್‌ಸಿ ಎಂದರೆ ಇಲ್ಲಿ ಫಾರ್ಮಸಿಸ್ಟರನ್ನು ನೋಂದಾಯಿಸುವ ಪರಿಷತ್ತು. ಹಾಗೊಂದು ಸಂಖ್ಯೆ ಬೇಕೆಂಬುದೇ ನನಗೆ ಅಂದಿನವರೆಗೆ ತಿಳಿದಿರಲಿಲ್ಲ. ಅಪ್ಪ ನವಲೂರ ಕಡೆಯ ಪ್ಲಾಟು ಮಾರಿ ಕೊಟ್ಟ ಹಣ ಅದು.

ಬ್ರಿಟನ್ನಿನಲ್ಲಿ ಫಾರ್ಮಸಿಸ್ಟ್ ಆಗಲು ಇಲ್ಲಿಯ ವಿದ್ಯಾರ್ಥಿಗಳು ನಾಲ್ಕು ವರ್ಷದ ಎಂ.ಫಾರ್ಮ್ ಓದುತ್ತಾರೆ. ನಮ್ಮಲ್ಲಿ ಬಿ.ಫಾರ್ಮ್ ಮುಗಿಸಿ ನೋಂದಣಿ ಮಾಡಿಸಿಕೊಂಡವರಿಗೆ ಓಸ್ಪಾಪ್ ಎಂಬ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಇದೆ. ಅದನ್ನು ನಡೆಸುವ ವಿಶ್ವವಿದ್ಯಾಲಯಗಳು ಬೆರಳೆಣಿಕೆಯಷ್ಟು. ಆಸ್ಟನ್, ಬ್ರೈಟನ್, ಹರ್ಟ್‌ಫರ್ಡ್‌ಶೈರ್, ಸಂಡರ್‌ಲ್ಯಾಂಡ್ ಅವುಗಳಲ್ಲಿ ಸೇರಿವೆ. ಅರ್ಜಿ ಹಾಕುವ ಮುನ್ನ ಆ ವರ್ಷದ ಪಟ್ಟಿಯನ್ನು ಜಿಪಿಎಚ್‌ಸಿಯಲ್ಲಿಯೇ ನೋಡಿಕೊಳ್ಳಿ. ಓಸ್ಪಾಪ್ ಮುಗಿದ ಮೇಲೆ 52 ವಾರಗಳ ಫೌಂಡೇಶನ್ ತರಬೇತಿ, ಆಮೇಲೆ ನೋಂದಣಿ ಪರೀಕ್ಷೆ. ಆ ಪರೀಕ್ಷೆಗೆ ಕೂರಲು ಮೂರು ಅವಕಾಶಗಳು ಮಾತ್ರ. ಇಂಗ್ಲಿಷ್ ಭಾಷೆಯ ಪರೀಕ್ಷೆಯಾದ ಐಇಎಲ್‌ಟಿಎಸ್‌ನಲ್ಲಿ ಒಂದೇ ಸಲದ ಪರೀಕ್ಷೆಯಲ್ಲಿ ನಾಲ್ಕೂ ವಿಭಾಗಗಳಿಗೆ ತಲಾ 7 ಬೇಕು. ಒಟ್ಟು ಸರಾಸರಿ 7 ಬಂದರೆ ಸಾಲದು. ನನ್ನ ಗೆಳತಿಯೊಬ್ಬಳಿಗೆ ಬರವಣಿಗೆಯಲ್ಲಿ 6.5 ಬಂದು ಇಡೀ ವರ್ಷ ಹೋಯಿತು.

ತಂಗಿ, ಬಿ.ಫಾರ್ಮ್ ಮುಗಿದ ಕೂಡಲೇ, ಎಲ್ಲಿಗೇ ಹೋಗುವುದಿದ್ದರೂ, ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಬಿಡಿ. ನಾನು ಮಾಡಿಸಿರಲಿಲ್ಲ. ಓಸ್ಪಾಪ್‌ಗೆ ಅದೂ ಬೇಕು, ನಿಮ್ಮ ಮೇಲೆ ಯಾವ ದೂರೂ ಇಲ್ಲವೆಂದು ಪರಿಷತ್ತು ಕೊಡುವ ಪತ್ರವೂ ಬೇಕು. ಎಂ.ಎಸ್‌ಸಿ. ಮುಗಿಸಿ ಊರಿಗೆ ಮರಳಿ, ಅದನ್ನೆಲ್ಲ ಮಾಡಿಸಿಕೊಂಡು ಮತ್ತೆ ಬರುವುದರಲ್ಲಿ ನನ್ನ ಎರಡು ವರ್ಷಗಳು ಹೋದವು. ಇಂದು ನನ್ನ ಹೆಸರು ರಿಜಿಸ್ಟರಿನಲ್ಲಿದೆ, ಆದರೆ ಆ ಎರಡು ವರ್ಷ ನಿಮಗೆ ಉಳಿಯಲಿ ಎಂಬುದೇ ನನ್ನ ಆಸೆ.

ಹಾವೇರಿಯ ಪಾಲಕರು

ನನ್ನ ಮಗನೂ ಇದೇ ತಯಾರಿಯಲ್ಲಿದ್ದಾನೆ. ನಾಲ್ಕು ವರ್ಷದ ಅಮೆರಿಕ ಫಾರ್ಮ್.ಡಿಗೆ ಒಟ್ಟು ಎಷ್ಟು ಬೀಳುತ್ತದೆ, ಮತ್ತು ಹೊಲದ ಮೇಲೆ ಬ್ಯಾಂಕು ಸಾಲ ಕೊಡುತ್ತದೆಯೇ ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ. ನಮ್ಮದು ಆರು ಎಕರೆ ಇದೆ.

ನವನಗರದ ನಿವೃತ್ತ ಬ್ಯಾಂಕ್ ನೌಕರ, ಹುಬ್ಬಳ್ಳಿ

ಅಣ್ಣಾರೇ, ನೇರವಾಗಿ ಹೇಳುತ್ತೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ. ಖಾಸಗಿ ಕಾಲೇಜುಗಳಲ್ಲಿ ಬರೀ ಬೋಧನಾ ಶುಲ್ಕವೇ ವರ್ಷಕ್ಕೆ 40,000 ಡಾಲರ್ ದಾಟಿರುವುದು ಸಾಮಾನ್ಯ. ಊಟ, ವಸತಿ, ಆರೋಗ್ಯ ವಿಮೆ ಬೇರೆ. ರಾಜ್ಯ ಸರ್ಕಾರದ ವಿಶ್ವವಿದ್ಯಾಲಯಗಳಲ್ಲಿಯೂ ಹೊರಗಿನವರಿಗೆ ಹೆಚ್ಚಿನ ದರವೇ ಇರುತ್ತದೆ. ಅಲ್ಲಿಯ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ನಮ್ಮ ಮಕ್ಕಳಿಗೆ ಸಿಗುವುದಿಲ್ಲ. ಆದ್ದರಿಂದ ಕಾಲೇಜು ಆರಿಸುವಾಗ ಒಂದು ವರ್ಷದ ಶುಲ್ಕವನ್ನು ನೋಡದೆ ಪದವಿ ಮುಗಿಯುವ ತನಕದ ಒಟ್ಟು ಲೆಕ್ಕವನ್ನು ನೋಡಬೇಕು. ಕೆಲವು ಕಾಲೇಜುಗಳು ರಜೆ ಕೊಡದೆ ಪಾಠ ನಡೆಸಿ ಮೂರೇ ವರ್ಷದಲ್ಲಿ ಮುಗಿಸುತ್ತವೆ, ಕ್ಯಾಲಿಫೋರ್ನಿಯಾದ ಯೂನಿವರ್ಸಿಟಿ ಆಫ್ ದಿ ಪೆಸಿಫಿಕ್ ಅಂಥದೊಂದು. ವರ್ಷದ ಶುಲ್ಕ ಹೆಚ್ಚು ಕಂಡರೂ ಒಂದು ವರ್ಷದ ಊಟ ವಸತಿ ಉಳಿಯುತ್ತದೆ.

ಇನ್ನು ಹೊಲದ ಮಾತು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 7.5 ಲಕ್ಷದ ಮೇಲಿನ ವಿದ್ಯಾಭ್ಯಾಸ ಸಾಲಕ್ಕೆ ಆಸ್ತಿಯ ಭದ್ರತೆ ಬೇಕಾಗುತ್ತದೆ, ಮತ್ತು ಹೆಚ್ಚಿನ ಬ್ಯಾಂಕುಗಳು ಸಾಗುವಳಿ ಜಮೀನನ್ನು ಈ ಸಾಲಕ್ಕೆ ಒಪ್ಪುವುದಿಲ್ಲ. ಮನೆ, ಅಂಗಡಿ, ಎನ್‌ಎ ಆದ ಪ್ಲಾಟು ಇದ್ದರೆ ಅದರ ಉತಾರ, ಖರೀದಿ ಪತ್ರ, ಋಣಭಾರ ಪತ್ರ (ಇಸಿ), ಕರ ತುಂಬಿದ ಪಾವತಿ ಇವುಗಳನ್ನು ಈಗಲೇ ಹೊಂದಿಸಿಕೊಳ್ಳಿರಿ. ಉತಾರದಲ್ಲಿ ಇನ್ನೂ ಅಜ್ಜನ ಹೆಸರೇ ಇರುವ ಕಾಗದಗಳನ್ನು ಹಿಡಿದುಕೊಂಡು ಮಕ್ಕಳು ಕೊನೆಯ ವಾರ ನಮ್ಮ ಟೇಬಲ್ಲಿಗೆ ಬರುತ್ತಿದ್ದರು. ವಾರಸಾ ಆಗಿ ಬರುವಷ್ಟರಲ್ಲಿ ಕಾಲೇಜಿನ ಗಡುವು ಮುಗಿದಿರುತ್ತಿತ್ತು. ವೀಸಾಕ್ಕಾಗಿ ಕಾಲೇಜು ಕೊಡುವ ಐ-20 ಪತ್ರ ಸಿಗಬೇಕಾದರೆ ಮೊದಲ ವರ್ಷದ ಶುಲ್ಕ ಮತ್ತು ಜೀವನ ವೆಚ್ಚ ಎರಡಕ್ಕೂ ಹಣದ ಆಧಾರ ತೋರಿಸಬೇಕು ಎಂಬುದನ್ನು ನೆನಪಿಡಿರಿ.

ಫಾರ್ಮ್.ಡಿ ಐದನೆಯ ವರ್ಷ, ಹುಬ್ಬಳ್ಳಿ

ಭಾರತದಲ್ಲಿ 2008ರಿಂದ ನಡೆಯುತ್ತಿರುವ ಆರು ವರ್ಷದ ಫಾರ್ಮ್.ಡಿ ಮುಗಿಸಿದವರಿಗೆ ಎಫ್‌ಪಿಜಿಇಇ ಬಗ್ಗೆ ಮೇಲೆ ಹೇಳಿದ ಐದು ವರ್ಷದ ನಿಯಮ ಅಡ್ಡಬರುವುದಿಲ್ಲ. ಪಿಯುಸಿ ಓದುತ್ತಿರುವ ತಮ್ಮ ತಂಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ಅಮೆರಿಕವೇ ಗುರಿಯಾಗಿದ್ದಲ್ಲಿ, ಈ ಹಂತದಲ್ಲಿಯೇ ಯೋಚಿಸುವುದು ಒಳ್ಳೆಯದು. ಆದರೆ ಎಫ್‌ಪಿಜಿಇಇ ಪಾಸಾದರೂ ಕೆಲಸದ ವೀಸಾ ಕೊಡಿಸುವವರು ಬೇಕು, ಅದು ಸುಲಭವಲ್ಲವೆಂದು ನಮ್ಮ ಸೀನಿಯರುಗಳು ಹೇಳುತ್ತಾರೆ.

ಸಪ್ತಾಪುರದ ವಿದ್ಯಾರ್ಥಿನಿ, ಧಾರವಾಡ

ಇಂಗ್ಲೆಂಡಿನ ಅಕ್ಕಾರೇ, ನಿಮ್ಮ ಪತ್ರವನ್ನು ನಮ್ಮ ತಂದೆಯವರಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಇಂಗ್ಲೆಂಡಿನ ಮೂರೂ ಎಂ.ಎಸ್‌ಸಿ.ಗಳನ್ನು ಅಂದೇ ಹೊಡೆದುಹಾಕಿದೆ. ಜರ್ಮನಿಯ ಎರಡು ಕೋರ್ಸುಗಳು ಇಂಗ್ಲಿಷಿನಲ್ಲಿ ನಡೆಯುವ ಎಂ.ಎಸ್‌ಸಿ.ಗಳು, ಅಲ್ಲಿ ಫಾರ್ಮಸಿಸ್ಟ್ ಆಗಲು ಜರ್ಮನ್ ಭಾಷೆಯಲ್ಲಿಯೇ ಪರೀಕ್ಷೆ ಕೊಡಬೇಕೆಂದು ಗೊತ್ತಾಗಿ ಅವನ್ನೂ ಬಿಟ್ಟೆ. ಅಮೆರಿಕದ ಏಳರಲ್ಲಿ ಎರಡು ಎಂ.ಎಸ್. ಆಗಿದ್ದವು. ಈಗ ಐದು ಫಾರ್ಮ್.ಡಿ ಕಾಲೇಜುಗಳು ಉಳಿದಿವೆ, ಐದಕ್ಕೂ ಎಸಿಪಿಇಯ ಪೂರ್ಣ ಮಾನ್ಯತೆ ಇದೆ. ಪೂರ್ವವಿಷಯಗಳ ಬಗ್ಗೆ ಐವರಿಗೂ ಪತ್ರ ಬರೆದಿದ್ದೇನೆ. ಇವುಗಳಲ್ಲಿ ಯಾವುದು ಮೇಲು, ಯಾವುದು ಕಡಿಮೆ ಎಂದು ತಿಳಿಯುವುದು ಹೇಗೆ? ದೊಡ್ಡ ಹೆಸರಿನದು ಒಂದಿದೆ, ಉಳಿದವು ಸಣ್ಣ ಊರಿನವು.

ಗದಗಿನವರು, ಈಗ ಟೆಕ್ಸಾಸ್

ಹೆಸರನ್ನು ಬದಿಗಿಟ್ಟು ಎರಡು ಅಂಕಿಗಳನ್ನು ನೋಡಿರಿ. ಪರವಾನಗಿಗೆ ನ್ಯಾಪ್ಲೆಕ್ಸ್ ಎಂಬ ಪರೀಕ್ಷೆ ಪಾಸಾಗಬೇಕು. ಯಾವ ಕಾಲೇಜಿನ ವಿದ್ಯಾರ್ಥಿಗಳು ಮೊದಲ ಪ್ರಯತ್ನದಲ್ಲಿ ಶೇಕಡಾ ಎಷ್ಟು ಪಾಸಾದರು ಎಂಬುದನ್ನು ಎನ್‌ಎಬಿಪಿ ಪ್ರತಿ ವರ್ಷ ಕಾಲೇಜುವಾರು ಪ್ರಕಟಿಸುತ್ತದೆ. ಒಂದು ವರ್ಷದ್ದನ್ನು ನಂಬದೆ ಮೂರು ವರ್ಷಗಳನ್ನು ಒಟ್ಟಿಗಿಟ್ಟು ನೋಡಿರಿ. ಇನ್ನೊಂದು, ಸೇರಿದವರಲ್ಲಿ ಎಷ್ಟು ಜನ ಸಕಾಲಕ್ಕೆ ಪದವಿ ಮುಗಿಸುತ್ತಾರೆ ಎಂಬುದು. ಸೀಟು ತುಂಬಿಸಲು ಎಲ್ಲರನ್ನೂ ತೆಗೆದುಕೊಂಡು ಎರಡನೆಯ ವರ್ಷ ನಡುನೀರಿನಲ್ಲಿ ಕೈಬಿಡುವ ಕಡೆ ನಿಮ್ಮಂಥವರು ಹೋಗಬಾರದು. ಒಂದು ವರ್ಷ ಹಿಂದೆ ಬಿದ್ದರೆ ಬೇರೆಯವರಿಗೆ ಶುಲ್ಕ ಮಾತ್ರ ಹೋಗುತ್ತದೆ, ನಿಮಗೆ ವೀಸಾದ ಚಿಂತೆಯೂ ಸೇರಿಕೊಳ್ಳುತ್ತದೆ.

ಆಮೇಲೆ ಪ್ರಾಯೋಗಿಕ ತರಬೇತಿ. ಆರಂಭದ ವರ್ಷಗಳಲ್ಲಿ ಕನಿಷ್ಠ 300 ಗಂಟೆ, ಕೊನೆಯ ವರ್ಷ ಕನಿಷ್ಠ 1,440 ಗಂಟೆ ಆಸ್ಪತ್ರೆ, ಔಷಧ ಅಂಗಡಿಗಳಲ್ಲಿ ದುಡಿಯಬೇಕು. ಇದು ಎಷ್ಟು ಮುಖ್ಯವೆಂದು ನನಗೆ ಮೊದಲ ದಿನವೇ ಗೊತ್ತಾಯಿತು. ನಮ್ಮಲ್ಲಿ ಗುಳಿಗೆಯ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ಕೊಡುತ್ತೇವೆ. ಇಲ್ಲಿ ದೊಡ್ಡ ಡಬ್ಬಿಯಿಂದ ಗುಳಿಗೆಗಳನ್ನು ತಟ್ಟೆಯ ಮೇಲೆ ಸುರಿದು, ಚಪ್ಪಟೆ ಕಡ್ಡಿಯಿಂದ ಐದೈದರಂತೆ ಎಣಿಸಿ, ಕಂದು ಬಣ್ಣದ ಸೀಸೆಗೆ ಇಳಿಸಿ, ರೋಗಿಯ ಹೆಸರಿನ ಚೀಟಿ ಹಚ್ಚಬೇಕು. ಬಿ.ಫಾರ್ಮ್‌ನಲ್ಲಿ ಮೊದಲ ದರ್ಜೆ ಪಡೆದ ನನಗೆ ಮೂವತ್ತು ಗುಳಿಗೆ ಎಣಿಸಲು ಕೈ ನಡುಗಿತ್ತು. ಎಣಿಸುವುದು ಒಂದು ವಾರದಲ್ಲಿ ಬಂತು. ಕಿಟಕಿಯ ಆಚೆ ನಿಂತ ಅಜ್ಜಿಗೆ ಅವಳ ರಕ್ತ ತೆಳುಮಾಡುವ ಔಷಧದ ಜೊತೆ ಯಾವ ನೋವಿನ ಗುಳಿಗೆ ಕೂಡದೆಂದು ಅವಳ ಮಾತಿನ ಧಾಟಿಯಲ್ಲಿ ಹೇಳಲು ಒಂದು ವರ್ಷ ಹಿಡಿಯಿತು. ಆದ್ದರಿಂದ ತರಬೇತಿಯ ಜಾಗಗಳು ಎಲ್ಲಿವೆ, ಕಾರಿಲ್ಲದೆ ತಲುಪಲು ಸಾಧ್ಯವೇ ಎಂದು ಕೇಳಿರಿ. ಸಣ್ಣ ಊರಿನ ಕಾಲೇಜಿನಲ್ಲಿ ಬಾಡಿಗೆ ಕಡಿಮೆ, ಆದರೆ ತರಬೇತಿಗೆ ಐವತ್ತು ಮೈಲು ಹೋಗಬೇಕಾಗಬಹುದು. ವಿದೇಶಿ ವಿದ್ಯಾರ್ಥಿಗೆ ಇಂಟರ್ನ್ ನೋಂದಣಿ ಮಾಡಿಸಲು ಆ ರಾಜ್ಯದ ಬೋರ್ಡು ಇಲ್ಲಿಯ ಸರ್ಕಾರ ಕೊಡುವ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಕೇಳುತ್ತದೆಯೇ, ಕೇಳಿದರೆ ಕಾಲೇಜು ಹೇಗೆ ನೆರವಾಗುತ್ತದೆ ಎಂಬುದನ್ನೂ ಕೇಳಿರಿ.

ಓದು ಮುಗಿದ ಮೇಲೆ ಎಫ್-1 ಎಂಬ ವಿದ್ಯಾರ್ಥಿ ವೀಸಾದ ಮೇಲೆ ಒಪಿಟಿ ಎಂದು ಹನ್ನೆರಡು ತಿಂಗಳು ಕೆಲಸ ಮಾಡಬಹುದು. ವಿಜ್ಞಾನ, ತಂತ್ರಜ್ಞಾನದ ಎಂ.ಎಸ್. ಓದಿದವರಿಗೆ ಸಿಗುವ ಇನ್ನೆರಡು ವರ್ಷಗಳ ವಿಸ್ತರಣೆ ಫಾರ್ಮ್.ಡಿಗೆ ಸಿಗುವುದಿಲ್ಲವೆಂದೇ ತಿಳಿದು ಲೆಕ್ಕ ಹಾಕಿರಿ. ಕನ್ಸಲ್ಟೆನ್ಸಿಯವರು ಈ ವ್ಯತ್ಯಾಸವನ್ನು ಹೇಳುವುದಿಲ್ಲ. ಹಳೆಯ ವಿದೇಶಿ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ, ಅವರಲ್ಲಿ ಇಬ್ಬರ ಜೊತೆ ಮಾತಾಡಿಸುತ್ತೀರಾ ಎಂದು ಪ್ರತಿ ಕಾಲೇಜನ್ನೂ ಕೇಳಿರಿ. ಉತ್ತರ ಬರುವ ರೀತಿಯಿಂದಲೇ ನಿಮಗೆ ಅರ್ಧ ವಿಷಯ ತಿಳಿಯುತ್ತದೆ.

ಸಪ್ತಾಪುರದ ವಿದ್ಯಾರ್ಥಿನಿ, ಧಾರವಾಡ

ಮೂರು ವಾರಗಳ ಮೇಲೆ ಬರೆಯುತ್ತಿದ್ದೇನೆ. ಐದರಲ್ಲಿ ನಾಲ್ಕು ಕಾಲೇಜುಗಳ ಉತ್ತರ ಬಂದಿದೆ. ದೊಡ್ಡ ಹೆಸರಿನ ಕಾಲೇಜು, ಕ್ಯಾಲ್ಕುಲಸ್ ಮತ್ತು ಇಂಗ್ಲಿಷ್ ಬರವಣಿಗೆಯನ್ನು ಅಮೆರಿಕದಲ್ಲಿಯೇ ಓದಿರಬೇಕೆಂದಿದೆ, ಅದನ್ನು ಬಿಟ್ಟೆ. ಒಂದು ಕಾಲೇಜಿನವರು ಪಠ್ಯಕ್ರಮದ ಪುಟಗಳನ್ನು ನೋಡಿ, ಬಯೋಸ್ಟ್ಯಾಟಿಸ್ಟಿಕ್ಸ್ ಒಪ್ಪುತ್ತೇವೆ, ಭಾಷಣಕಲೆಯೊಂದನ್ನು ಸೇರುವ ಮುನ್ನ ಆನ್‌ಲೈನಿನಲ್ಲಿ ಮುಗಿಸಿಕೊಳ್ಳಿ ಎಂದು ಸಾಲು ಸಾಲಾಗಿ ಬರೆದಿದ್ದಾರೆ, ಕೇಳದಿದ್ದರೂ ಒಬ್ಬ ಹಳೆಯ ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು ಪರಿಚಯವನ್ನೂ ಮಾಡಿಸಿದ್ದಾರೆ. ಅದು ಸಣ್ಣ ಊರಿನ ಕಾಲೇಜು. ನನ್ನ ಪಟ್ಟಿಯಲ್ಲಿ ಈಗ ಅದೇ ಮೊದಲನೆಯದು. ಇನ್ನೆರಡಕ್ಕೂ ಅರ್ಜಿ ಹಾಕುತ್ತೇನೆ. ಉತ್ತರವನ್ನೇ ಕೊಡದ ಐದನೆಯದನ್ನು ಬಿಟ್ಟಿದ್ದೇನೆ. ಹಣ ಹೊಂದದಿದ್ದರೆ ನೋಂದಣಿ ಮಾಡಿಸಿ, ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿದು, ಓಸ್ಪಾಪ್‌ಗೆ ಹೋಗುವುದೆಂದು ಮನೆಯಲ್ಲಿ ಮಾತಾಗಿದೆ. ಅಂಗಡಿಯ ಉತಾರ ತಂದೆಯವರ ಹೆಸರಿನಲ್ಲಿಯೇ ಇದೆ.

ಅಂಕಪಟ್ಟಿಗಳ ಟ್ರಾನ್ಸ್‌ಕ್ರಿಪ್ಟ್‌ಗಾಗಿ ಭಾನುವಾರ ರಾತ್ರಿಯ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ಗೆ ಬೆಂಗಳೂರಿಗೆ ಹೊರಟಿದ್ದೇನೆ. ಜಯನಗರದ ರಾಜೀವ್ ಗಾಂಧಿ ವಿಶ್ವವಿದ್ಯಾಲಯದಲ್ಲಿ ಮತ್ತೇನಾದರೂ ಕೇಳುವುದಿದ್ದರೆ ಸರ್ ತಿಳಿಸಬೇಕು.

ಫಾರ್ಮಸಿ ಉಪನ್ಯಾಸಕ, ಧಾರವಾಡ

ಅಮೆರಿಕದ ಕಾಲೇಜುಗಳಿಗಾಗಿ ನಿಮ್ಮ ಅಂಕಗಳ ಮೌಲ್ಯಮಾಪನ ಮಾಡುವ ಸಂಸ್ಥೆಗೆ ಟ್ರಾನ್ಸ್‌ಕ್ರಿಪ್ಟ್ ವಿಶ್ವವಿದ್ಯಾಲಯದಿಂದಲೇ ನೇರವಾಗಿ ಹೋಗುವಂತೆ ಅರ್ಜಿಯಲ್ಲಿ ಬರೆಯಿರಿ. ನಿಮ್ಮ ಕೈಗೆ ಲಕೋಟೆ ಕೊಟ್ಟರೆ, ಅಂಟಿಸಿದ ಅಂಚಿನ ಮೇಲೆ ಮುದ್ರೆ ಬಿದ್ದಿದೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿರಿ, ಮತ್ತು ಯಾವ ಕಾರಣಕ್ಕೂ ಒಡೆಯಬೇಡಿರಿ. ಆರು ಸೆಮಿಸ್ಟರಿನ ಅಂಕಪಟ್ಟಿಗಳ ಮೂಲ ಪ್ರತಿ ಜೊತೆಗಿರಲಿ. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಎಲ್ಲ ಕಾಗದಗಳಲ್ಲಿಯೂ ಹಾಗೆಯೇ ಇದೆಯೇ ಎಂದು ಭಾನುವಾರ ರೈಲು ಹತ್ತುವ ಮೊದಲೇ ಒಮ್ಮೆ ಹೊಂದಿಸಿ ನೋಡಿರಿ.